ಗಿಟ್‌ಗೆ ಪ್ಯಾಚ್ ಕಳಿಸಿದ್ದು

ಫೈಲುಗಳಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ಲೆಕ್ಕ ಇಡುವ ತಂತ್ರಾಂಶ ಗಿಟ್. ಅದರ ಹೊಸ ಆವೃತ್ತಿ ಬಂದಾಗಲೆಲ್ಲ ಜೊತೆಗೊಂದು ಬಿಡುಗಡೆ ಟಿಪ್ಪಣಿ ಬರುತ್ತದೆ. ಮೊದಲ ಭಾಗದಲ್ಲಿ ಬಳಸುವವರ ಕಣ್ಣಿಗೆ ಬೀಳುವ ಹೊಸ ಸೌಲಭ್ಯಗಳು, ಕೊನೆಯ ಭಾಗದಲ್ಲಿ ಸರಿಪಡಿಸಿದ ದೋಷಗಳು. ನಡುವೆ ಇನ್ನೊಂದು ಭಾಗ ಇರುತ್ತದೆ. ವೇಗ, ಒಳಗಿನ ರಚನೆ, ಅಭಿವೃದ್ಧಿಗೆ ನೆರವು ಇತ್ಯಾದಿ ಅಂತ ಅದರ ತಲೆಬರಹ. ಆ ‘ಇತ್ಯಾದಿ’ಯನ್ನು ಓದುವವರು ನಮ್ಮ ಆಫೀಸಿನಲ್ಲಂತೂ ಯಾರೂ ಇಲ್ಲ. ಟೆಸ್ಟ್ ಸ್ವಚ್ಛ ಮಾಡಿದ್ದು, ಕೋಡ್ ಸ್ವಚ್ಛ ಮಾಡಿದ್ದು, ಒಂದು ಗ್ಲೋಬಲ್ ವೇರಿಯಬಲ್ ತೆಗೆದಿದ್ದು, ಎಲ್ಲೋ ಮೆಮೊರಿ ಸೋರುತ್ತಿದ್ದುದನ್ನು ಮುಚ್ಚಿದ್ದು, ಎಲ್ಲವೂ ಒಂದೊಂದು ಸಾಲಿನಲ್ಲಿ ಮುಗಿದುಹೋಗಿರುತ್ತವೆ. ಅಂಥ ಒಂದು ಸಾಲಿನ ಹಿಂದೆ ಎಷ್ಟು ಕೆಲಸ ಇರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು, ಆ ಸಾಲಿಗೆ ನಾನೇ ಕೈ ಹಾಕಿದ ಮೇಲೆ.

ಗಿಟ್‌ನ ಒಳಗೆ ಇಣುಕುವಂತೆ ಮಾಡಿದ್ದು ಕನ್ನಡ. ನಮ್ಮ ಬಡಾವಣೆಯ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಒಂದು ಸಂಚಿಕೆ ತರುತ್ತದೆ. ಬರಹಗಳನ್ನು ತಿದ್ದುವ ಕೆಲಸ ನನ್ನ ತಲೆಗೆ ಬಂದಮೇಲೆ, ವಾಟ್ಸಾಪಿನಲ್ಲಿ ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಅಂತ ಓಡಾಡುತ್ತಿದ್ದ ಫೈಲುಗಳನ್ನೆಲ್ಲ ಒಂದು ಗಿಟ್ ರೆಪೊಗೆ, ಅಂದರೆ ಗಿಟ್ ಲೆಕ್ಕ ಇಡುವ ಒಂದು ಫೋಲ್ಡರಿಗೆ, ಹಾಕಿದೆ. ಫೈಲಿನ ಹೆಸರುಗಳೂ ಕನ್ನಡದಲ್ಲೇ. ಏನೇನು ಬದಲಾಗಿದೆ ಅಂತ ಗಿಟ್‌ನ ‘ಸ್ಟೇಟಸ್’ ಕೇಳಿದರೆ, ‘ಕವನ’ ಅಂತ ಇರಬೇಕಾದ ಕಡೆ \340\262\225 ಅಂತ ಶುರುವಾಗುವ ಅಂಕಿಗಳ ಮೆರವಣಿಗೆ. ‘ಕ’ ಅಕ್ಷರಕ್ಕೆ ಯುಟಿಎಫ್-8 ಅನ್ನುವ ಸಂಕೇತ ಪದ್ಧತಿಯಲ್ಲಿ ಮೂರು ಬೈಟು. ಗಿಟ್ ಆ ಮೂರನ್ನೂ ಆಕ್ಟಲ್ (ಎಂಟರ ಲೆಕ್ಕದ) ಸಂಖ್ಯೆಯಲ್ಲಿ ಬರೆದು ತೋರಿಸುತ್ತಿತ್ತು. ‘ಕೋರ್ ಕೋಟ್‌ಪಾಥ್’ ಅನ್ನುವ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಡಿಫ್‌ನ, ಅಂದರೆ ಏನು ಬದಲಾಯಿತು ಅಂತ ತೋರಿಸುವ ಪಟ್ಟಿಯ, ಸಾರಾಂಶದಲ್ಲಿ ಫೈಲಿನ ಹೆಸರುಗಳ ಪಕ್ಕದ ನಿಲುಗೆರೆಗಳು ಒಂದಕ್ಕೊಂದು ಹೊಂದದೆ ವಕ್ರವಾಗಿ ನಿಂತಿದ್ದವು. ಯಾಕೆ ಅಂತ ಗಿಟ್‌ನ ಸೋರ್ಸ್ ಕೋಡ್ ತೆಗೆದು ನೋಡಿದೆ. ಯೂನಿಕೋಡ್‌ನ ವಿಂಗಡಣೆಯಲ್ಲಿ ‘ಕಿ’ಯ ಗುಡಿಸು ಬೇರೆ ಜಾಗ ಬೇಡದ ಚಿಹ್ನೆ, ‘ಕಾ’ದ ದೀರ್ಘ ಜಾಗ ಬೇಡುವ ಚಿಹ್ನೆ. ಗಿಟ್ ಆ ವಿಂಗಡಣೆಯಿಂದಲೇ ಒಂದು ಕೋಷ್ಟಕ ಮಾಡಿಟ್ಟುಕೊಂಡಿದೆ. ಹಾಗಾಗಿ ಅದರ ಲೆಕ್ಕದಲ್ಲಿ ‘ಕಿ’ ಒಂದು ಕಾಲಂ, ‘ಕಾ’ ಎರಡು. ಟರ್ಮಿನಲ್ ಮತ್ತು ಫಾಂಟು ಅದನ್ನು ಹಾಗೇ ಬಿಡಿಸಬೇಕಲ್ಲ! ಒತ್ತಕ್ಷರ ಬಂದರೆ ಇನ್ನೂ ಗೋಜಲು. ಇದು ಗಿಟ್ ಒಂದರಿಂದ ಬಗೆಹರಿಯುವ ಸಮಸ್ಯೆಯಲ್ಲ ಅಂತ ಕೈಬಿಟ್ಟೆ. ಸೋರ್ಸ್ ಮಾತ್ರ ಎಡಿಟರಿನಲ್ಲಿ ತೆರೆದೇ ಇತ್ತು.

ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನೆಲ್‌ನವರು ಬಳಸುತ್ತಿದ್ದ ಇಂಥದೇ ತಂತ್ರಾಂಶ ಬಿಟ್‌ಕೀಪರ್ ಉಚಿತವಾಗಿ ಸಿಗುವುದು ನಿಂತುಹೋದಾಗ ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಬರೆದದ್ದು. ಅದೇ ತಿಂಗಳು ಅದೇ ಕಾರಣಕ್ಕೆ ಮರ್ಕ್ಯುರಿಯಲ್ ಅನ್ನುವ ಇನ್ನೊಂದು ತಂತ್ರಾಂಶ ಕೂಡ ಹುಟ್ಟಿತು. ಜುಲೈ ಹೊತ್ತಿಗೆ ಲೀನಸ್ ಗಿಟ್‌ನ ಉಸ್ತುವಾರಿಯನ್ನು ಜೂನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಆಗ ಅವಸರದಲ್ಲಿ ಕಟ್ಟಿದ ಎಷ್ಟೋ ಆದೇಶಗಳು ಬರೀ ಶೆಲ್ ಸ್ಕ್ರಿಪ್ಟುಗಳು (ಟರ್ಮಿನಲ್‌ನಲ್ಲಿ ಕೊಡುವ ಆದೇಶಗಳನ್ನೇ ಸಾಲಾಗಿ ಬರೆದಿಟ್ಟ ಫೈಲುಗಳು), ಕೆಲವು ಪರ್ಲ್ ಭಾಷೆಯವು. ಅವನ್ನು ಒಂದೊಂದಾಗಿ ಸಿ ಭಾಷೆಗೆ ತರುವ ಕೆಲಸವೇ ವರ್ಷಗಟ್ಟಲೆ ನಡೆದಿದೆ. ರೀಬೇಸ್ ಅನ್ನುವ ಆದೇಶ ಸಿಗೆ ಬಂದಿದ್ದು 2018ರ 2.20ರಲ್ಲಿ, ಸ್ಟ್ಯಾಶ್ 2019ರ 2.22ರಲ್ಲಿ. 2017ರಲ್ಲಿ ಎಸ್‌ಎಚ್‌ಎ-1 ಹ್ಯಾಷನ್ನು (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ, ಗಿಟ್ ಎಲ್ಲವನ್ನೂ ಗುರುತಿಸುವುದು ಅದರಿಂದಲೇ) ಮುರಿದು ತೋರಿಸಿದ ಮೇಲೆ ಎಸ್‌ಎಚ್‌ಎ-256ಕ್ಕೆ ಹೋಗುವ ಕೆಲಸಕ್ಕೆ ಬಿಸಿ ಮುಟ್ಟಿತು. ಆದರೆ ಹ್ಯಾಷ್ ಅಂದರೆ ಇಪ್ಪತ್ತು ಬೈಟು ಅಂತಲೇ ಕೋಡಿನ ತುಂಬ ಬರೆದಿಟ್ಟಿದ್ದರು. ಅವನ್ನೆಲ್ಲ ಹುಡುಕಿ ಹುಡುಕಿ ಬದಲಿಸಿ, ಪ್ರಾಯೋಗಿಕ ಬೆಂಬಲ ಹೊರಬಂದಿದ್ದು 2020ರ 2.29ರಲ್ಲಿ. ಜನ ಒಳಗೆ ವಾಸ ಮಾಡುತ್ತಿರುವಾಗಲೇ ಮನೆಯ ತೊಲೆ ಬದಲಿಸುವ ಕೆಲಸ ಇದು. ಜಗತ್ತಿನ ಅರ್ಧ ಸಾಫ್ಟ್‌ವೇರು ಇದರ ಮೇಲೆ ನಿಂತಿದೆ. ಒಂದು ದಿನವೂ ಬಾಗಿಲು ಹಾಕುವ ಹಾಗಿಲ್ಲ.

ಚಿಕ್ಕಮ್ಮನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೊಸಬರು ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಕೆಲಸ ಕಲಿಯುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಹಾಕುವ ಉತ್ಸಾಹದಲ್ಲಿ ಒಂದು ಭಾನುವಾರ ಗಿರಿನಗರದ ನಮ್ಮ ಮನೆಗೆ ಬಂದ. ಗಿಟ್ ಯೋಜನೆ ಅದರಲ್ಲಿ ಬಹಳ ವರ್ಷಗಳಿಂದ ಭಾಗವಹಿಸುತ್ತಿದೆ. ಅರ್ಜಿ ಹಾಕುವವರು ಮೊದಲು ಒಂದು ಪುಟಾಣಿ ಕೆಲಸ ಮಾಡಿ ತೋರಿಸಬೇಕು. ಮಾರ್ಚ್ ತಿಂಗಳು ಬಂತೆಂದರೆ ನಮ್ಮ ದೇಶದ ಕಾಲೇಜು ಹುಡುಗರ ಪ್ಯಾಚುಗಳ (ಕೋಡಿಗೆ ಸೂಚಿಸುವ ಬದಲಾವಣೆಗಳ) ಸುರಿಮಳೆ.

‘ಅಕ್ಕಾ, ನೀನೂ ಒಂದು ಮಾಡು. ನಾನೂ ಒಂದು ಮಾಡ್ತೀನಿ. ಇಬ್ರೂ ಒಟ್ಟಿಗೆ ಕಲಿಯೋಣ’ ಅಂದ.

‘ಕಲಿಯೋದು ನೀನು, ಬೈಸಿಕೊಳ್ಳೋದು ನಾನಾ?’ ಅಂದೆ. ಆದರೂ ಕೂತೆ.

ಏನು ಮಾಡಬೇಕು ಅನ್ನುವುದಕ್ಕಿಂತ ಏನು ಮಾಡಬಾರದು ಅನ್ನುವುದನ್ನು ಮೊದಲು ತಿಳಿಯಬೇಕು. ಗಿಟ್‌ನ ಕೋಡಿಂಗ್ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ: ಬೇರೇನೋ ನಿಜವಾದ ಕೆಲಸ ಮಾಡುವಾಗ ಅದಕ್ಕೆ ಪೂರ್ವಸಿದ್ಧತೆಯಾಗಿ ಶೈಲಿಯ ಲೋಪ ಸರಿಪಡಿಸಿ, ತೊಂದರೆಯಿಲ್ಲ, ಬರೀ ಶೈಲಿ ಸರಿಮಾಡಲಿಕ್ಕೆಂದೇ ಕೋಡನ್ನು ಕೆದಕಬೇಡಿ. ನಮ್ಮ ಆಫೀಸುಗಳಲ್ಲಿ ಹೊಸದಾಗಿ ಸೇರಿದವರು ಮೊದಲು ಮಾಡುವ ಕೆಲಸವೇ ಅದು, ಎಲ್ಲ ಫೈಲನ್ನೂ ಫಾರ್ಮ್ಯಾಟರ್‌ಗೆ ಹಾಕಿ ಆರುನೂರು ಫೈಲಿನ ಕಮಿಟ್ (ಗಿಟ್‌ನಲ್ಲಿ ಒಮ್ಮೆಗೆ ದಾಖಲಿಸುವ ಬದಲಾವಣೆ) ತಳ್ಳುವುದು. ಆಮೇಲೆ ಯಾವ ಸಾಲು ಯಾರು ಯಾಕೆ ಬರೆದರು ಅಂತ ಬ್ಲೇಮ್ ಹಾಕಿದರೆ ಎಲ್ಲ ಕಡೆಯೂ ಆ ಪುಣ್ಯಾತ್ಮನ ಹೆಸರೇ.

ನಾನು ಆರಿಸಿಕೊಂಡಿದ್ದು ಟೆಸ್ಟುಗಳನ್ನು. ಗಿಟ್‌ನ ಟೆಸ್ಟುಗಳು ‘ಟಿ’ ಅನ್ನುವ ಫೋಲ್ಡರಿನಲ್ಲಿವೆ. ಸಾವಿರದ ಆಸುಪಾಸು ಶೆಲ್ ಸ್ಕ್ರಿಪ್ಟುಗಳು, ಪ್ರತಿಯೊಂದರ ಹೆಸರಿನಲ್ಲೂ ನಾಲ್ಕಂಕಿಯ ಸಂಖ್ಯೆ. ಪ್ರತಿ ಸ್ಕ್ರಿಪ್ಟೂ ತನಗಾಗಿ ಒಂದು ತಾತ್ಕಾಲಿಕ ಫೋಲ್ಡರ್ ಮಾಡಿಕೊಂಡು ಅದರೊಳಗೆ ಓಡುತ್ತದೆ. ಆ ಫೋಲ್ಡರಿನ ಹೆಸರು ‘ಟ್ರ್ಯಾಶ್ ಡೈರೆಕ್ಟರಿ’ ಅಂತ ಶುರುವಾಗುತ್ತದೆ, ನಡುವೆ ಬೇಕೆಂದೇ ಒಂದು ಖಾಲಿ ಜಾಗ. ಹೆಸರಿನಲ್ಲಿ ಖಾಲಿ ಜಾಗ ಇದ್ದರೆ, ಕೊಟೇಶನ್ ಹಾಕದೆ ಬರೆದ ಶೆಲ್ ಕೋಡು ಅಲ್ಲಿಯೇ ಮುಗ್ಗರಿಸುತ್ತದೆ. ಇದನ್ನು ಯೋಚಿಸಿದವರಿಗೆ ಒಂದು ಬೈಟು ಕಾಫಿ ಕೊಡಿಸಬೇಕು.

ಹಳೆಯ ಟೆಸ್ಟುಗಳಲ್ಲಿ ಒಂದು ಅಭ್ಯಾಸ ಇತ್ತು. ಗಿಟ್ ಆದೇಶದ ಫಲಿತಾಂಶವನ್ನು ಪೈಪ್ ಮೂಲಕ ನೇರ ‘ಡಬ್ಲ್ಯುಸಿ’ ಅನ್ನುವ ಎಣಿಸುವ ಆದೇಶಕ್ಕೆ ಕೊಟ್ಟು ಸಾಲು ಎಣಿಸುವುದು, ಬಂದ ಸಂಖ್ಯೆ ಮೂರಕ್ಕೆ ಸಮವೇ ಅಂತ ನೋಡುವುದು. ಓದಲು ಚೆನ್ನಾಗಿಯೇ ಇದೆ. ತೊಂದರೆ ಏನೆಂದರೆ, ಶೆಲ್‌ನಲ್ಲಿ ಪೈಪ್ ಹಾಕಿದ ಸಾಲು ಗೆದ್ದಿತೋ ಸೋತಿತೋ ಅನ್ನುವುದು ಕೊನೆಯ ಆದೇಶದ ಮೇಲೆ ಮಾತ್ರ ನಿಂತಿರುತ್ತದೆ. ಎಡಗಡೆಯ ಗಿಟ್ ಮೂರು ಸಾಲು ಸರಿಯಾಗಿ ಬರೆದು ಆಮೇಲೆ ಕುಸಿದುಬಿದ್ದರೂ ಬಲಗಡೆಯ ಎಣಿಕೆ ‘ಮೂರು’ ಅನ್ನುತ್ತದೆ, ಟೆಸ್ಟ್ ಪಾಸ್. ಗಿಟ್ ಅನ್ನು ಪರೀಕ್ಷಿಸಲೆಂದೇ ಬರೆದ ಟೆಸ್ಟು ಗಿಟ್ ಸತ್ತದ್ದನ್ನೇ ನೋಡುವುದಿಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ಕೆಲವು ವರ್ಷಗಳಿಂದ ಗಿಟ್‌ನಲ್ಲಿ ಮೆಮೊರಿ ಸೋರಿಕೆ (ಬಳಸಿದ ಮೆಮೊರಿಯನ್ನು ಹಿಂದಿರುಗಿಸದಿರುವುದು) ಹುಡುಕುವ ಕೆಲಸ ಜೋರಾಗಿ ನಡೆಯಿತು. ಲೀಕ್ ಸ್ಯಾನಿಟೈಜರ್ ಅನ್ನುವ ಸಾಧನ ಹಾಕಿ ಬಿಲ್ಡ್ ಮಾಡಿದರೆ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟಿದರೆ, ಪ್ರೋಗ್ರಾಂ ತನ್ನ ಕೆಲಸವನ್ನೆಲ್ಲ ಮುಗಿಸಿ ಹೊರಹೋಗುವ ಹೊತ್ತಿಗೆ ಸೋರಿಕೆ ಲೆಕ್ಕ ಹಾಕುತ್ತದೆ. ಸೋರಿಕೆ ಕಂಡರೆ ವಿಫಲ ಅಂತ ಸಂಖ್ಯೆ ಹಿಂದಿರುಗಿಸುತ್ತದೆ. ಅಂದರೆ ಫಲಿತಾಂಶ ಪೂರಾ ಸರಿಯಾಗಿ ಬಂದು, ಹೊರಹೋಗುವ ಸಂಖ್ಯೆ ಮಾತ್ರ ತಪ್ಪಾಗಿರುತ್ತದೆ. ಪೈಪ್ ಮುಚ್ಚಿಹಾಕುವುದು ಸರಿಯಾಗಿ ಅದನ್ನೇ. ಟೆಸ್ಟುಗಳಲ್ಲಿ ಕಂಡ ಸೋರಿಕೆಗಳೆಲ್ಲ ಮುಚ್ಚಿ ಮುಗಿದದ್ದು 2025ರ ಜನವರಿಯಲ್ಲಿ ಬಂದ 2.48ರಲ್ಲಿ. ಅಷ್ಟು ಜನ ಅಷ್ಟು ಶ್ರಮಪಟ್ಟು ಮುಚ್ಚಿದ್ದು ಮತ್ತೆ ತೆರೆದುಕೊಂಡರೆ ಟೆಸ್ಟು ಕೂಗಬೇಕು ತಾನೇ? ಪೈಪ್ ಇದ್ದ ಕಡೆ ಆ ಕೂಗು ಹೊರಗೆ ಕೇಳದೇ ಹೋಗಬಹುದು.

ಪರಿಹಾರ ಎಲ್ಲರಿಗೂ ಗೊತ್ತಿರುವುದೇ. ಗಿಟ್‌ನ ಫಲಿತಾಂಶವನ್ನು ‘ಆಕ್ಚುಯಲ್’ ಅನ್ನುವ ಫೈಲಿಗೆ ಬರೆಸುವುದು, ಆಮೇಲೆ ಟೆಸ್ಟ್ ಲೈಬ್ರರಿಯಲ್ಲೇ ಇರುವ ಸಾಲೆಣಿಸುವ ಸಹಾಯಕ ಫಂಕ್ಷನ್ನಿಗೆ ಆ ಫೈಲು ಕೊಡುವುದು. ಎರಡರ ನಡುವೆ ಎರಡು ಆಂಪರ್ಸಂಡ್ (&&). ಮೊದಲನೆಯದು ಸೋತರೆ ಅಲ್ಲೇ ನಿಲ್ಲಲಿ ಅಂತ. ಆ ಕೊಂಡಿ ಎಲ್ಲಾದರೂ ತಪ್ಪಿಹೋದರೆ ಹಿಡಿಯಲಿಕ್ಕೇ ಒಂದು ಲಿಂಟ್ ಪ್ರೋಗ್ರಾಂ ಪ್ರತಿ ಟೆಸ್ಟಿನ ಜೊತೆ ಓಡುತ್ತದೆ. ಸಹಾಯಕ ಫಂಕ್ಷನ್ ಬಳಸುವುದಕ್ಕೆ ಇನ್ನೊಂದು ಕಾರಣ ಇದೆ: ಮ್ಯಾಕ್‌ನ ‘ಡಬ್ಲ್ಯುಸಿ’ ಸಂಖ್ಯೆಗೆ ಮುಂಚೆ ಖಾಲಿ ಜಾಗಗಳನ್ನು ತುಂಬುತ್ತದೆ. ಕೊಟೇಶನ್ನಿನೊಳಗೆ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಲಿನಕ್ಸ್‌ನಲ್ಲಿ ಪಾಸಾದದ್ದು ಮ್ಯಾಕ್‌ನಲ್ಲಿ ಫೇಲ್.

ಹೀಗೆ ಬದಲಿಸುತ್ತಾ ಹೋದಾಗ ಒಂದು ಕಡೆ ಎಣಿಕೆ ಎರಡರ ಬದಲು ಮೂರು ಬಂತು. ಬೇರೆಲ್ಲ ಕಡೆ ಸರಿ, ಅಲ್ಲೊಂದೇ ಕಡೆ. ಟೆಸ್ಟನ್ನು ‘ವಿ’ ಮತ್ತು ‘ಐ’ ಆಯ್ಕೆ ಕೊಟ್ಟು ಓಡಿಸಿದೆ. ‘ವಿ’ ಒಳಗೆ ನಡೆಯುವುದನ್ನು ತೋರಿಸುತ್ತದೆ, ‘ಐ’ ಮೊದಲ ಸೋಲಿಗೇ ನಿಲ್ಲಿಸುತ್ತದೆ, ತಾತ್ಕಾಲಿಕ ಫೋಲ್ಡರು ಹಾಗೇ ಉಳಿಯುತ್ತದೆ. ಒಳಹೊಕ್ಕು ಫೈಲು ತೆಗೆದು ನೋಡಿದರೆ ಮೂರನೆಯ ಸಾಲಿನಲ್ಲಿ ಇದ್ದದ್ದು ‘ಆಕ್ಚುಯಲ್’! ಆ ಟೆಸ್ಟು ಎಣಿಸುತ್ತಿದ್ದದ್ದು ಇನ್ನೂ ಗಿಟ್‌ಗೆ ಸೇರಿಸದ ಫೈಲುಗಳನ್ನು. ಗಿಟ್ ಓಡುವುದಕ್ಕೆ ಮುಂಚೆಯೇ ಶೆಲ್ ಆ ಫೈಲನ್ನು ಸೃಷ್ಟಿಸಿಬಿಟ್ಟಿರುತ್ತದೆ. ಗಿಟ್ ಪಾಪ, ಕಣ್ಣಿಗೆ ಕಂಡದ್ದನ್ನು ಎಣಿಸಿದೆ.

ಹಾಗಾದರೆ ಹಳೆಯವರು ಇದಕ್ಕೇ ಪೈಪ್ ಹಾಕಿದ್ದರೇ, ಅಥವಾ ಸುಮ್ಮನೆ ಆ ಕಾಲದ ರೂಢಿಯೇ? ಬ್ಲೇಮ್ ಹಾಕಿದೆ. ಆ ಸಾಲನ್ನು ತಂದ ಕಮಿಟ್‌ನಲ್ಲಿ ಶೀರ್ಷಿಕೆ ಬಿಟ್ಟರೆ ಬೇರೆ ಮಾತಿಲ್ಲ. ಟೆಸ್ಟ್ ಸೇರಿಸಿದೆ, ಅಷ್ಟೆ. ಆ ದಿನಗಳಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದರು ಅಂತಲ್ಲ. ಅದೇ ಫೈಲಿನ ಇನ್ನೊಂದು ಸಾಲಿನ ಹಿಂದೆ ಹೋದರೆ ನಾಲ್ಕು ಪ್ಯಾರಾ ವಿವರಣೆ, ಏನೇನು ಪ್ರಯತ್ನಿಸಿ ಕೈಬಿಟ್ಟರು ಅನ್ನುವುದೂ ಸೇರಿ. ಅದನ್ನು ಓದಿ ಆ ಭಾಗ ನನಗೆ ಹತ್ತು ನಿಮಿಷದಲ್ಲಿ ಅರ್ಥವಾಯಿತು. ಈ ಒಂದು ಪೈಪ್‌ಗೆ ಇಡೀ ಸಂಜೆ ಹೋಯಿತು, ಕೊನೆಗೂ ಉತ್ತರ ಸಿಗಲಿಲ್ಲ.

ಬಿಲ್ಡ್ ಮಾಡುವುದು ಅಂಥ ಕಷ್ಟವೇನಲ್ಲ. ‘ಮೇಕ್’ ಅಂದರೆ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುತ್ತದೆ. ಎಲ್ಲ ಟೆಸ್ಟುಗಳನ್ನೂ ಓಡಿಸಲು ನನ್ನ ಹಳೆಯ ಲ್ಯಾಪ್‌ಟಾಪಿಗೆ ಊಟದ ಸಮಯ ಬೇಕು. ಚಿಕ್ಕಮ್ಮನ ಮಗ ಕುತೂಹಲಕ್ಕೆ ಸಿ ಕೋಡಿನಲ್ಲಿ, ಅಕ್ಷರಗಳ ಸಾಲನ್ನು ನಕಲು ಮಾಡುವ ಒಂದು ‘ಸ್ಟ್ರ್‌ಕಾಪಿ’ ಹಾಕಿ ನೋಡಿದ. ಕಾಲೇಜಿನ ಲ್ಯಾಬಿನಲ್ಲಿ ದಿನಾ ಬಳಸುವುದಂತೆ. ಕಂಪೈಲರ್ ಮುಖಕ್ಕೆ ಹೊಡೆದ ಹಾಗೆ, ಕ್ಷಮಿಸಿ ಸ್ಟ್ರ್‌ಕಾಪಿ ನಿಷೇಧಿತ ಫಂಕ್ಷನ್ ಅನ್ನುವ ಅರ್ಥದ ಉದ್ದನೆಯ ಹೆಸರಿನೊಂದಿಗೆ ಎರರ್ ಕೊಟ್ಟಿತು. ‘ಬ್ಯಾನ್ಡ್’ ಅಂತಲೇ ಒಂದು ಹೆಡರ್ ಫೈಲಿದೆ. ಎಷ್ಟು ಜಾಗ ಇದೆ ಅಂತ ನೋಡದೆ ಬರೆದುಬಿಡುವ ಫಂಕ್ಷನ್ನುಗಳನ್ನೆಲ್ಲ ಅದರಲ್ಲಿ ಹೀಗೆ ಕಟ್ಟಿಹಾಕಿದ್ದಾರೆ. ‘ನಮ್ ಮೇಷ್ಟ್ರಿಗೆ ತೋರಿಸ್ಬೇಕು ಅಕ್ಕಾ’ ಅಂದ. ಇಂಟರ್ನಲ್ಸ್ ಮುಗಿಯಲಿ, ಆಮೇಲೆ ತೋರಿಸು ಅಂದೆ.

ಗಿಟ್‌ನವರ ತಾಳ್ಮೆಗೆ ಇನ್ನೊಂದು ಉದಾಹರಣೆ ಹೇಳಿ ಮುಂದಕ್ಕೆ ಹೋಗುತ್ತೇನೆ. ಫಾರ್ ಲೂಪಿನ ಒಳಗೇ ವೇರಿಯಬಲ್ ಘೋಷಿಸುವ ಸೌಲಭ್ಯ ಸಿ ಭಾಷೆಗೆ ಬಂದಿದ್ದು 1999ರ ಮಾನದಂಡದಲ್ಲಿ. ಗಿಟ್ ಓಡುವ ಹಳೆಯ ಯಂತ್ರಗಳ ಯಾವುದಾದರೂ ಕಂಪೈಲರಿಗೆ ಅದು ಗೊತ್ತಿಲ್ಲದಿದ್ದರೆ? 2021ರ ಕೊನೆಗೆ ಒಂದೇ ಒಂದು ಕಡೆ ಹಾಗೆ ಬರೆದು, ಯಾರಿಗಾದರೂ ಬಿಲ್ಡ್ ಒಡೆಯಿತೇ ಅಂತ ಸುಮಾರು ಒಂದು ವರ್ಷ ಕಾದರು. ಯಾರೂ ದೂರಲಿಲ್ಲ. ಆಮೇಲೆ ಎಲ್ಲರಿಗೂ ಅನುಮತಿ.

ಇನ್ನು ಕಮಿಟ್ ಸಂದೇಶ. ಬದಲಾದ ಸಾಲುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅವನ್ನು ವಿವರಿಸುವುದಕ್ಕೆ ಹಿಡಿದ ಹೊತ್ತು ಎಷ್ಟೋ ಪಾಲು ಹೆಚ್ಚು. ಪ್ಯಾಚ್ ಕಳಿಸುವ ಬಗೆಗಿನ ದಾಖಲೆಯಲ್ಲಿ ಕ್ರಮವನ್ನೇ ಹೇಳಿದ್ದಾರೆ. ಶೀರ್ಷಿಕೆಯಲ್ಲಿ ಮೊದಲು ಯಾವ ಭಾಗ ಅನ್ನುವುದು, ಕೋಲನ್, ಆಮೇಲೆ ಚಿಕ್ಕದಾಗಿ ಏನು ಅನ್ನುವುದು. ಸುಮಾರು 50 ಅಕ್ಷರದಲ್ಲಿ ಮುಗಿಯಬೇಕು, ಕೊನೆಗೆ ಪೂರ್ಣವಿರಾಮ ಇಲ್ಲ. ಒಳಗೆ ಮೊದಲು ಈಗಿನ ಸ್ಥಿತಿ ಏನು, ಅದರಲ್ಲಿ ತೊಂದರೆ ಏನು. ಅದನ್ನು ವರ್ತಮಾನ ಕಾಲದಲ್ಲಿ ಬರೆಯಬೇಕು, ‘ಈಗ’ ಅಂತ ಸೇರಿಸುವುದೂ ಬೇಡ. ಆಮೇಲೆ ಪರಿಹಾರ, ಕೋಡಿಗೆ ಅಪ್ಪಣೆ ಕೊಡುವ ಧಾಟಿಯಲ್ಲಿ. ‘ನಾನು ಹೀಗೆ ಮಾಡಿದೆ’ ಅನ್ನುವ ಹಾಗಿಲ್ಲ.

ನಾನು ಬರೆದ ಮೊದಲ ಕರಡು ಹಳೆಯ ಟೆಸ್ಟನ್ನು ಹೊಸ ಶೈಲಿಗೆ ತರುತ್ತಿದ್ದೇನೆ ಅನ್ನುವಂತಿತ್ತು. ಓದಿ ನೋಡಿದರೆ ಶೈಲಿಗಾಗಿ ಕೆದಕಬೇಡಿ ಅನ್ನುವ ನಿಯಮಕ್ಕೇ ಎದುರು ನಿಲ್ಲುತ್ತದೆ. ಶೈಲಿಯ ಮಾತೇ ಬೇಡ ಅಂತ ಅಳಿಸಿದೆ. ಪೈಪ್ ಏನನ್ನು ಮುಚ್ಚುತ್ತದೆ, ಸೋರಿಕೆ ಹುಡುಕುವ ಬಿಲ್ಡ್‌ನಲ್ಲಿ ಅದರ ಪರಿಣಾಮ ಏನು, ಒಂದು ಕಡೆ ಮಾತ್ರ ‘ಆಕ್ಚುಯಲ್’ ಫೈಲನ್ನು, ಗಿಟ್ ತನ್ನ ಲೆಕ್ಕಪತ್ರ ಇಟ್ಟುಕೊಳ್ಳುವ, ಎಣಿಕೆಗೆ ಸಿಗದ ಡಾಟ್-ಗಿಟ್ ಫೋಲ್ಡರಿನ ಒಳಗೆ ಯಾಕೆ ಇಟ್ಟಿದೆ, ಈ ಮೂರನ್ನೇ ಬರೆದೆ. ಮೂರನೆಯದನ್ನು ಹೆಚ್ಚು ಬಿಡಿಸಿ ಬರೆದೆ. ಮುಂದೆ ಯಾರಾದರೂ ಬಂದು ‘ಇದೊಂದು ಯಾಕೆ ಇಲ್ಲಿದೆ, ಉಳಿದವುಗಳ ಹಾಗೆ ಮಾಡೋಣ’ ಅಂತ ಹೊರಗೆ ಎಳೆದರೆ ಎಣಿಕೆ ಮತ್ತೆ ಒಂದು ಹೆಚ್ಚಾಗುತ್ತದೆ. ಅವರ ಸಂಜೆಯೂ ನನ್ನದರ ಹಾಗೇ ಹೋಗುತ್ತದೆ.

ಕೊನೆಯಲ್ಲಿ ‘ಸೈನ್ಡ್ ಆಫ್ ಬೈ’ ಸಾಲು. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಅಂತ ನಾನೇ ಹೇಳಿಕೊಳ್ಳುವ ರುಜು. ಆ ಹಕ್ಕು ಇದೆಯೇ ಅಂತ ಮೊದಲು ಆಫೀಸಿನಲ್ಲಿ ಕೇಳಬೇಕಲ್ಲ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದದಲ್ಲಿ ಬಿಡುವಿನಲ್ಲಿ ಬರೆದದ್ದೂ ಕಂಪನಿಯದು ಅನ್ನುವ ಥರದ ಒಂದು ಸಾಲು ಇರುತ್ತದೆ, ನನ್ನದರಲ್ಲೂ ಇತ್ತು. ಮ್ಯಾನೇಜರ್ ‘ಮಾಡಮ್ಮ, ಒಳ್ಳೇದೇ’ ಅಂದರು, ಲೀಗಲ್‌ನವರು ಫಾರಂ ಕಳಿಸಿದರು. ಯಾವ ಉತ್ಪನ್ನದ ಯಾವ ಭಾಗ, ವ್ಯಾಪಾರದ ಮೇಲೆ ಪರಿಣಾಮ ಏನು ಅಂತ ಕಾಲಂಗಳು. ಸಾಲು ಎಣಿಸುವ ಟೆಸ್ಟಿನ ವ್ಯಾಪಾರ ಪರಿಣಾಮ! ‘ಇಲ್ಲ’ ಅಂತ ಬರೆದೆ. ಅನುಮತಿ ಬರುವ ಹೊತ್ತಿಗೆ ಗಿಟ್‌ನದೇ ಒಂದು ಹೊಸ ಆವೃತ್ತಿ ಬಿಡುಗಡೆಯಾಗಿತ್ತು, ನನ್ನ ಬ್ರಾಂಚನ್ನು (ನನ್ನ ಬದಲಾವಣೆಗಳ ಕವಲನ್ನು) ಅದರ ಮೇಲೆ ರೀಬೇಸ್ ಮಾಡಿಕೊಂಡೆ, ಅಂದರೆ ಎತ್ತಿ ಅದರ ಮೇಲೆ ಕೂರಿಸಿಕೊಂಡೆ.

ಗಿಟ್‌ನ ಪ್ಯಾಚುಗಳು ಇಂದಿಗೂ, ಎಲ್ಲರೂ ಓದುವ ಒಂದು ಮೇಲ್ ಪಟ್ಟಿಗೆ, ಮೇಲ್‌ನಲ್ಲೇ ಹೋಗುತ್ತವೆ. ಇದನ್ನು ಕೇಳಿ ನಮ್ಮ ಟೀಮಿನ ಹುಡುಗರು ನಕ್ಕಿದ್ದೇ ನಕ್ಕಿದ್ದು. ‘ಫಾರ್ಮ್ಯಾಟ್ ಪ್ಯಾಚ್’ ಆದೇಶ ಕಮಿಟ್ಟನ್ನು ಮೇಲ್ ರೂಪದ ಫೈಲು ಮಾಡಿಕೊಡುತ್ತದೆ, ‘ಸೆಂಡ್ ಈಮೇಲ್’ ಕಳಿಸುತ್ತದೆ. ಸಾಮಾನ್ಯ ಮೇಲ್ ಆ್ಯಪ್‌ನಲ್ಲಿ ಅಂಟಿಸಿ ಕಳಿಸಿದರೆ ಟ್ಯಾಬುಗಳು ಸ್ಪೇಸ್ ಆಗಿ, ಉದ್ದ ಸಾಲು ಮುರಿದು, ಪ್ಯಾಚು ಯಾರ ಕೈಯಲ್ಲೂ ಅಂಟದ ಹಾಗಾಗುತ್ತದೆ. ಬಣ್ಣದ ಎಚ್‌ಟಿಎಂಎಲ್ ಮೇಲ್ ಕಳಿಸಿದರೆ ಸರ್ವರೇ ತಿರಸ್ಕರಿಸುತ್ತದೆ. ಜಿಮೇಲ್ ಮೂಲಕ ಕಳಿಸಲು ಎರಡು ಹಂತದ ಭದ್ರತೆ ಹಾಕಿ, ಬೇರೆಯೇ ಒಂದು ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಬೇಕು. ಮೊದಲು ನನಗೇ ಕಳಿಸಿಕೊಂಡೆ, ಬಂದ ಮೇಲನ್ನು ‘ಗಿಟ್ ಎಎಂ’ ಆದೇಶದಿಂದ ಇನ್ನೊಂದು ಪ್ರತಿಗೆ ಹಚ್ಚಿ ನೋಡಿದೆ. ಸರಿಯಾಗಿ ಕೂತಿತು. ಇದೆಲ್ಲ ಬೇಡ ಅನ್ನುವವರಿಗೆ ಗಿಟ್‌ಗಿಟ್‌ಗ್ಯಾಜೆಟ್ ಇದೆ. ಗಿಟ್‌ಹಬ್ ಜಾಲತಾಣದಲ್ಲಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿ, ಕಳಿಸು ಅಂತ ಹೇಳಿದರೆ ಅದೇ ಮೇಲ್ ಮಾಡಿ ಕಳಿಸುತ್ತದೆ. ತಮ್ಮ ಆ ದಾರಿ ಹಿಡಿದ.

ಹೆಸರಿನದೂ ಒಂದು ಸಣ್ಣ ತಕರಾರು. ನಮ್ಮ ಕಡೆಯವರಿಗೆ ಮನೆತನದ ಹೆಸರು ಅಂತ ಇರುವುದು ಕಡಿಮೆ, ಊರಿನದೊಂದು ಅಪ್ಪನದೊಂದು ಇನಿಷಿಯಲ್. ಆಫೀಸಿನ ದಾಖಲೆಯಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದದ್ದು ಇನ್ನೊಂದು ಥರ. ಗಿಟ್‌ನ ಇತಿಹಾಸದಲ್ಲಿ ಒಮ್ಮೆ ಸೇರಿದ್ದು ಅಳಿಸುವುದಿಲ್ಲ, ಹಾಗಾಗಿ ಅಮ್ಮ ಕರೆಯುವ ಹೆಸರಿನ ಮುಂದೆ ಎರಡು ಇನಿಷಿಯಲ್ ಇಟ್ಟು ಅದನ್ನೇ ಸ್ಥಿರ ಮಾಡಿಕೊಂಡೆ.

ಕಳಿಸಿದ ಮೇಲೆ ಕೆಲವು ದಿನ ಏನೂ ಇಲ್ಲ. ನಮ್ಮ ಮಧ್ಯಾಹ್ನಕ್ಕೆ ಯೂರೋಪ್ ಏಳುತ್ತದೆ, ಮಲಗುವ ಹೊತ್ತಿಗೆ ಅಮೆರಿಕ. ಬನಶಂಕರಿಯಲ್ಲಿ ಹಸಿರು ಲೈನ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ವೈಟ್‌ಫೀಲ್ಡ್ ಕಡೆಯ ನೇರಳೆ ಲೈನ್ ಹಿಡಿಯುವ ನಡುವೆ ಫೋನು ನೋಡುವುದೇ ಅಭ್ಯಾಸವಾಯಿತು. ಒಂದು ಬೆಳಗ್ಗೆ, ಇಂದಿರಾನಗರ ದಾಟಿದ ಮೇಲೆ ಸೀಟು ಸಿಕ್ಕಿ ಕೂತಾಗ, ಎರಡು ಉತ್ತರಗಳು.

ಒಬ್ಬರದು ಚಿಕ್ಕದು: ಫೈಲಿಗೆ ಬರೆಸುವ ಬಾಣದ ಗುರುತಿನ ಮುಂಚೆ ಜಾಗ ಇರಬೇಕು, ಆದ ಮೇಲೆ ಇರಬಾರದು. ನಿಯಮದಲ್ಲಿ ಇರುವುದೇ. ಇನ್ನೊಬ್ಬರದು ದೊಡ್ಡದು, ನನ್ನ ಸಂದೇಶದ ಸಾಲುಸಾಲುಗಳ ಕೆಳಗೆ ಪ್ರಶ್ನೆ. ಡಾಟ್-ಗಿಟ್ ಒಳಗೆ ಗಿಟ್‌ನದೇ ಫೈಲುಗಳು ಇರುವುದು ವಾಡಿಕೆ, ಟೆಸ್ಟಿನ ಫೈಲನ್ನು ಅಲ್ಲಿಡುವ ಬದಲು ಅದನ್ನು ನಿರ್ಲಕ್ಷಿಸುವ ಪಟ್ಟಿಗೆ ಸೇರಿಸಬಾರದೇಕೆ? ಬೇರೆ ಕೆಲವು ಟೆಸ್ಟುಗಳು ಹಾಗೇ ಮಾಡುತ್ತವಲ್ಲ? ಮತ್ತು, ಎಣಿಕೆಯ ಬದಲಾವಣೆಗಳಿಂದ ಇದೊಂದನ್ನು ಬೇರೆ ಪ್ಯಾಚ್ ಮಾಡಿದರೆ ಓದಲು ಸುಲಭವಲ್ಲವೇ?

ಎರಡನೆಯ ಸಲಹೆ ಸರಿ, ಒಪ್ಪಿದೆ. ಮೊದಲನೆಯದಕ್ಕೆ ಒಪ್ಪಲಿಲ್ಲ. ಆ ಟೆಸ್ಟು ಪರೀಕ್ಷಿಸುತ್ತಿರುವುದೇ ನಿರ್ಲಕ್ಷಿಸುವ ಪಟ್ಟಿ ಇಲ್ಲದಾಗ ಏನಾಗುತ್ತದೆ ಅನ್ನುವುದನ್ನು. ಪಟ್ಟಿ ಸೇರಿಸಿದರೆ ಪರೀಕ್ಷೆಯೇ ಬೇರೆಯಾಗುತ್ತದೆ. ಹಾಗಂತ ಬರೆಯುವುದಕ್ಕೆ ಸಂಕೋಚ ಇತ್ತು. ಇಪ್ಪತ್ತು ವರ್ಷ ಈ ಕೋಡಿನಲ್ಲೇ ಓಡಾಡಿದವರು ಇರುವ ಕಡೆ ಹೊಸಬಳು ಬಂದು ಇಲ್ಲ ಅನ್ನುವುದು. ನಮ್ಮ ಕಡೆ ಹಿರಿಯರ ಮಾತಿಗೆ ‘ಹಾಗೇ ಮಾಡ್ತೀನಿ ಸಾರ್’ ಅಂದು ಆಮೇಲೆ ನಮಗೆ ಬೇಕಾದದ್ದು ಮಾಡುವ ಒಂದು ಪದ್ಧತಿ ಇದೆ. ಇಲ್ಲಿ ಅದು ನಡೆಯುವುದಿಲ್ಲ, ಎಲ್ಲವೂ ಬಯಲಲ್ಲೇ. ಪಟ್ಟಿ ಸೇರಿಸಿ ಓಡಿಸಿದರೆ ಯಾವ ದೋಷ ಟೆಸ್ಟಿನ ಕಣ್ಣು ತಪ್ಪಿಸುತ್ತದೆ ಅಂತ ತೋರಿಸಿ, ಆ ಫಲಿತಾಂಶವನ್ನೇ ಉತ್ತರದಲ್ಲಿ ಅಂಟಿಸಿದೆ. ಅವರಿಂದ ಬಂದದ್ದು ಒಂದೇ ಸಾಲು: ಸರಿ, ಹಾಗಾದರೆ ಈ ಮಾತು ಕಮಿಟ್ ಸಂದೇಶದಲ್ಲೇ ಇರಲಿ, ಮೇಲ್‌ನಲ್ಲಿ ಉಳಿದರೆ ಮುಂದೆ ಯಾರಿಗೂ ಸಿಗುವುದಿಲ್ಲ.

ಮುಂದಿನ ಆವೃತ್ತಿ ಕಳಿಸುವಾಗ ರೇಂಜ್ ಡಿಫ್ ಹಾಕಬೇಕು. ಹಿಂದಿನ ಪ್ಯಾಚಿಗೂ ಈ ಪ್ಯಾಚಿಗೂ ಏನು ವ್ಯತ್ಯಾಸ ಅಂತ ತೋರಿಸುವ, ಡಿಫ್‌ಗಳ ಡಿಫ್. ಮೊದಲು ನೋಡಿದಾಗ ಕಣ್ಣು ಕತ್ತಲೆ ಬರುತ್ತದೆ. ಸಾಲಿನ ಮುಂದೆ ಎರಡೆರಡು ಪ್ಲಸ್ಸು ಮೈನಸ್ಸು. ಒಮ್ಮೆ ಅಭ್ಯಾಸವಾದರೆ ಬಿಡಲಾಗುವುದಿಲ್ಲ. ರಿವ್ಯೂ ಮಾಡುವವರು ಪೂರಾ ಪ್ಯಾಚ್ ಮತ್ತೆ ಓದದೆ ಬದಲಾದದ್ದನ್ನು ಮಾತ್ರ ನೋಡಬಹುದು. ಮೇಲ್‌ನ ಈ ಪದ್ಧತಿಯಲ್ಲಿ ನನಗೆ ಸಿಟ್ಟು ಬರಿಸುವ ಸಂಗತಿಗಳು ಬೇಕಾದಷ್ಟಿವೆ, ಮುಖ್ಯವಾಗಿ ಫೋನಿನಲ್ಲಿ ಡಿಫ್ ಓದುವುದು. ಆದರೆ ಕಮಿಟ್ ಸಂದೇಶವನ್ನೂ ಕೋಡಿನ ಹಾಗೇ ಸಾಲುಸಾಲಾಗಿ ರಿವ್ಯೂ ಮಾಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಆಫೀಸಿನಲ್ಲಿ ನಾವು ಬಳಸುವ 'ಪುಲ್ ರಿಕ್ವೆಸ್ಟ್' ಪುಟದಲ್ಲಿ ಕೋಡಿನ ಮೇಲೆ ಕಾಮೆಂಟ್ ಹಾಕಬಹುದು, ಸಂದೇಶದ ಸಾಲಿನ ಮೇಲೆ ಆಗುವುದಿಲ್ಲ. ಅದಕ್ಕೇ ಇರಬೇಕು ನಮ್ಮ ಕಮಿಟ್‌ಗಳಲ್ಲಿ ‘ಫಿಕ್ಸ್’ ಮತ್ತು ‘ಫಿಕ್ಸ್ ಮತ್ತೊಮ್ಮೆ’ ತುಂಬಿರುವುದು.

ಒಪ್ಪಿಗೆಯಾದ ಮೇಲೂ ಪ್ಯಾಚು ನೇರ ಒಳಗೆ ಹೋಗುವುದಿಲ್ಲ. ಮೊದಲು ‘ಸೀನ್’ ಬ್ರಾಂಚು. ನೋಡಿದ್ದೇವೆ ಅನ್ನುವಷ್ಟಕ್ಕೆ ಮಾತ್ರ ಅರ್ಥ, ಒಪ್ಪಿದ್ದೇವೆ ಅಂತಲ್ಲ. 2020ರವರೆಗೆ ಇದರ ಹೆಸರು ‘ಪಿಯು’ ಅಂತಿತ್ತು. ಅಲ್ಲಿಂದ ‘ನೆಕ್ಸ್ಟ್’, ಅಲ್ಲಿ ಸಾಮಾನ್ಯವಾಗಿ ವಾರದಷ್ಟು ಕಾಲ ಇದ್ದು ಯಾರಿಗೂ ತೊಂದರೆ ಕೊಡದಿದ್ದರೆ ‘ಮಾಸ್ಟರ್’, ಅಂದರೆ ಮುಖ್ಯ ಬ್ರಾಂಚು. ಒಲೆಯ ಮೇಲೆ ಏನೇನು ಬೇಯುತ್ತಿದೆ ಅನ್ನುವ ಅರ್ಥದ ಹೆಸರಿನ ವರದಿಯೊಂದನ್ನು ಮೇಂಟೇನರ್ (ಗಿಟ್‌ನ ಉಸ್ತುವಾರಿ ಹೊತ್ತವರು) ಆಗಾಗ ಕಳಿಸುತ್ತಾರೆ. ಪ್ರತಿ ವಿಷಯವೂ ಎಲ್ಲಿದೆ, ಯಾರ ಉತ್ತರಕ್ಕೆ ಕಾಯುತ್ತಿದೆ ಅನ್ನುವುದು ಅದರಲ್ಲಿ. ಬ್ರಾಂಚುಗಳಿಗೆ ಬರೆದವರ ಇನಿಷಿಯಲ್‌ನಿಂದ ಹೆಸರು. ನನ್ನ ಊರಿನ ಮೊದಲಕ್ಷರ ಆ ಪಟ್ಟಿಯಲ್ಲಿ ಕಂಡ ದಿನ ಅಮ್ಮನಿಗೆ ತೋರಿಸಿದೆ. ‘ದುಡ್ಡು ಕೊಡ್ತಾರಾ?’ ಅಂತ ಕೇಳಿದರು. ಇಲ್ಲ ಅಂದೆ.

ಮಾಸ್ಟರ್‌ಗೆ ಸೇರಿ, ಬಿಡುಗಡೆ ಟಿಪ್ಪಣಿಯ ಆ ನಡುವಿನ ಭಾಗದಲ್ಲಿ ಅದೂ ಒಂದು ಸಾಲಾಯಿತು: ಟೆಸ್ಟ್ ಸ್ವಚ್ಛತೆ. ತಮ್ಮನ ಪ್ಯಾಚು ಇನ್ನೂ ನಡೆದಿದೆ. ಅವನು ಆರಿಸಿಕೊಂಡದ್ದು ಫೈಲು ಇದೆಯೇ ಅಂತ ಬರೀ ‘ಟೆಸ್ಟ್’ ಆದೇಶದಿಂದ ನೋಡುವ ಕಡೆ, ಇಲ್ಲದಿದ್ದರೆ ಇಲ್ಲ ಅಂತ ಬಾಯಿಬಿಟ್ಟು ಹೇಳುವ ಸಹಾಯಕ ಫಂಕ್ಷನ್ ಹಾಕುವುದು. ಒಂದು ಕಡೆ ಇಫ್ ಒಳಗೆ ಇದ್ದದ್ದನ್ನೂ ಬದಲಿಸಿದ್ದಾನೆ. ಅಲ್ಲಿ ಫೈಲು ಇಲ್ಲದಿರುವುದು ತಪ್ಪಲ್ಲ, ಬರೀ ಕವಲು; ಸುಮ್ಮನೆ ಗದ್ದಲವಾಗುತ್ತದೆ ಅಂತ ರಿವ್ಯೂನಲ್ಲಿ ಬಂತು. ‘ಬಿಟ್ಟುಬಿಡ್ಲಾ ಅಕ್ಕಾ ಆ ಸಾಲು?’ ಅಂತ ಕೇಳಿದ. ಬಿಡು, ಆದರೆ ಯಾಕೆ ಬಿಟ್ಟೆ ಅಂತ ಸಂದೇಶದಲ್ಲಿ ಬರಿ ಅಂದೆ.

ನಾನೀಗ ಸಿ ಕೋಡಿಗೆ ದಾಟಿದ್ದೇನೆ. ‘ದಿ ರೆಪಾಸಿಟರಿ’ ಅನ್ನುವ ಗ್ಲೋಬಲ್ ವೇರಿಯಬಲ್ (ಕೋಡಿನ ಎಲ್ಲ ಕಡೆಯಿಂದಲೂ ಕೈಗೆಟಕುವ ಹೆಸರು) ಗಿಟ್‌ನ ತುಂಬ ಹರಡಿಕೊಂಡಿದೆ. ಒಂದು ಪ್ರೋಗ್ರಾಂ ಒಂದೇ ರೆಪೊವನ್ನು ನೋಡುತ್ತದೆ ಅನ್ನುವ ಹಳೆಯ ಕಾಲದ ಊಹೆ. 2024ರಲ್ಲಿ ಬಂದ 2.46ರಿಂದ, ಅದನ್ನು ಬಳಸುವ ಪ್ರತಿ ಫೈಲೂ ತಲೆಯಲ್ಲೇ ಒಂದು ಮ್ಯಾಕ್ರೊ ಹಾಕಿಕೊಂಡು ‘ನಾನು ಬಳಸುತ್ತೇನೆ’ ಅಂತ ಹೇಳಿಕೊಳ್ಳಬೇಕು. ಅಂಥ ಒಂದು ಚಿಕ್ಕ ಆದೇಶದಿಂದ ಆ ಮ್ಯಾಕ್ರೊ ತೆಗೆದು, ರೆಪೊವನ್ನು ಆರ್ಗ್ಯುಮೆಂಟಾಗಿ ಸಾಗಿಸುವ ಪ್ಯಾಚು ಕಳಿಸಿದ್ದೇನೆ. ಮೊದಲ ಉತ್ತರದಲ್ಲೇ ಪ್ರಶ್ನೆ: ಯಾವ ರೆಪೊವೂ ಇಲ್ಲದ ಫೋಲ್ಡರಿನಲ್ಲಿ ನಿಂತು ಈ ಆದೇಶಕ್ಕೆ ಸಹಾಯ ಕೇಳುವ ‘ಎಚ್’ ಆಯ್ಕೆ ಕೊಟ್ಟರೆ ಒಳಗೆ ಬರುವ ಪಾಯಿಂಟರ್ (ರೆಪೊದ ವಿಳಾಸ) ಖಾಲಿ, ಅದರಿಂದ ಸೆಟ್ಟಿಂಗ್ ಓದಲು ಹೋದರೆ ಏನಾಗುತ್ತದೆ? ಓಡಿಸಿ ನೋಡಿ, ಖಾಲಿ ಇದ್ದರೆ ಓದದೇ ಮುಂದೆ ಹೋಗುವ ಒಂದು ಷರತ್ತು ಹಾಕಿದ್ದೇನೆ. ಅದಕ್ಕೊಂದು ಟೆಸ್ಟು ಬರೆಯುವುದು ಬಾಕಿ ಇದೆ, ಪೈಪ್ ಇಲ್ಲದೆ.